ನನ್ನ ಜಾಗ ಕಾದಿಟ್ಟವರಿಗೆ

ಕಳೆದ ಶನಿವಾರ ಕುವೆಂಪುನಗರದ ಸುಗಮ ಸಂಗೀತ ಕಾರ್ಯಕ್ರಮದಲ್ಲಿ ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಗಿಟಾರ್ ನುಡಿಸಿದೆ. ಕೈ ನೋಯಲಿಲ್ಲ. ವರ್ಷದ ಹತ್ತಿರ ನನ್ನಿಂದ ಆಗದೇ ಇದ್ದ ಕೆಲಸ ಇದು. ಮುಗಿದ ಮೇಲೆ ಎಷ್ಟೋ ಜನ ವೇದಿಕೆ ಹತ್ತಿರ ಬಂದು ಮಾತಾಡಿಸಿದಿರಿ. ಕೇಬಲ್ ಸುತ್ತುವ ಗಡಿಬಿಡಿಯಲ್ಲಿ ಯಾರಿಗೂ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ಆಷಾಢದಲ್ಲಿ ಎಡಗೈ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಯಿತು. ಮೂಳೆ ಡಾಕ್ಟರು ಡಿ ಕ್ವೆರ್ವೇನ್ ಎಂದರು. ಹೆಬ್ಬೆರಳನ್ನು ಆಡಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಹತ್ತಿರ ಒಂದು ಕಿರಿದಾದ ಪೊರೆಯೊಳಗೆ ಹಾದುಹೋಗುತ್ತವೆ. ಆ ಪೊರೆ ದಪ್ಪಗಾಗಿಬಿಟ್ಟರೆ ಬೆರಳು ಆಡಿದಾಗಲೆಲ್ಲ ನೋವು. ಹೆಬ್ಬೆರಳನ್ನು ಗಿಟಾರಿನ ನೆಕ್ ಹಿಂದೆ ಒತ್ತಿ ಬಾರೆ ಕಾರ್ಡ್ (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯುವ ಮಾತು ಹಾಗಿರಲಿ, ಒಗ್ಗರಣೆ ಬಾಣಲೆ ಎತ್ತುವುದಕ್ಕೂ ಆಗುತ್ತಿರಲಿಲ್ಲ. ಸ್ಪ್ಲಿಂಟ್ ಆಯಿತು, ಇಂಜೆಕ್ಷನ್ ಆಯಿತು, ಕೊನೆಗೆ ಒಂದು ಸಣ್ಣ ಆಪರೇಷನ್ನೂ ಆಯಿತು.

ಆಷಾಢದಲ್ಲಿ ಹೇಗೂ ನಮಗೆ ಕೆಲಸವಿಲ್ಲ. ಮದುವೆಯಿಲ್ಲ, ರಿಸೆಪ್ಷನ್ ಇಲ್ಲ. ನಮ್ಮ ಸುಗ್ಗಿ ಶ್ರಾವಣದ ನಂತರ: ಗಣೇಶ, ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ. ವರ್ಷದ ಸಂಪಾದನೆಯ ದೊಡ್ಡ ಪಾಲು ಆಗಲೇ ಬರಬೇಕು. ಆ ತಿಂಗಳುಗಳೆಲ್ಲ ನಾನು ಮನೆಯಲ್ಲಿದ್ದೆ. ನಮ್ಮ ಕೆಲಸಕ್ಕೆ ನೇಮಕಾತಿ ಪತ್ರವಿಲ್ಲ, ಕಾಯಿಲೆ ರಜೆಯಿಲ್ಲ. ಒಂದು ಸೀಸನ್ ವೇದಿಕೆ ಮೇಲೆ ಕಾಣಿಸದಿದ್ದರೆ ಮುಂದಿನ ಸಲ ಫೋನು ಬೇರೆಯವರಿಗೆ ಹೋಗುತ್ತದೆ. ಯಾರನ್ನೂ ದೂರುವಂತಿಲ್ಲ, ಕಾರ್ಯಕ್ರಮ ನಡೆಯಬೇಕಲ್ಲ. ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಹಿಂದೆ ಕೂತು ಶುರುಮಾಡಿ, ಸರಸ್ವತಿಪುರಂನ ಬಾಡಿಗೆ ಮನೆಯ ವರಾಂಡದಲ್ಲಿ ಪಾಠ ಹೇಳುತ್ತಾ, ಇಷ್ಟು ವರ್ಷ ಕಟ್ಟಿಕೊಂಡಿದ್ದೆಲ್ಲ ಕೈತಪ್ಪಿತು ಅಂದುಕೊಂಡಿದ್ದೆ. ತಪ್ಪಲಿಲ್ಲ.

ಮೊದಲು ನನ್ನ ವಿದ್ಯಾರ್ಥಿಗಳಿಗೆ, ಅವರ ಮನೆಯವರಿಗೆ. ನುಡಿಸಿ ತೋರಿಸಲಾಗದ ಟೀಚರ್ ಹತ್ತಿರ ಮಕ್ಕಳನ್ನು ಕಳಿಸುವುದಕ್ಕೆ ಎಷ್ಟು ನಂಬಿಕೆ ಬೇಕು! ಫೀಸ್ ಅರ್ಧ ಕೊಟ್ಟರೆ ಸಾಕು ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದಾಗ ಒಬ್ಬ ತಾಯಿ "ಪಾಠ ನಡೀತಿದೆಯಲ್ಲ ಮಿಸ್, ಫೀಸ್ ಯಾಕೆ ಕಡಿಮೆ ಮಾಡ್ತೀರ?" ಎಂದು ಬರೆದರು. ಉಳಿದವರೂ ಆ ತಿಂಗಳು ಪೂರ್ತಿಯೇ ಕಳಿಸಿದರು. ತರಗತಿಯಲ್ಲಿ ನಾನು ಬಾಯಲ್ಲಿ ಹೇಳುತ್ತಿದ್ದೆ, ಹಾಡಿ ತೋರಿಸುತ್ತಿದ್ದೆ, ಎಂಟನೇ ಕ್ಲಾಸಿನ ಹುಡುಗಿ "ನಾನು ಹಿಡಿದು ತೋರಿಸ್ಲಾ ಮಿಸ್?" ಎಂದು ಚಿಕ್ಕವರ ಮುಂದೆ ಕೂತು ಎಫ್ ಎನ್ನುವ ಬಾರೆ ಕಾರ್ಡ್ ಹಿಡಿಯುತ್ತಿದ್ದಳು. ತೋರುಬೆರಳನ್ನು ಚಪ್ಪಟೆಯಾಗಿ ಇಡದೆ ಸ್ವಲ್ಪ ಹೆಬ್ಬೆರಳಿನ ಕಡೆಗೆ ವಾಲಿಸಬೇಕು, ಆಗ ಮೂಳೆಯ ಅಂಚು ತಂತಿಗೆ ಸಿಗುತ್ತದೆ. ಇದನ್ನು ಅವಳು ನನಗಿಂತ ಚೆನ್ನಾಗಿ ವಿವರಿಸುತ್ತಾಳೆ. ಎಲ್‌ಐಸಿಯಿಂದ ನಿವೃತ್ತರಾದ ಮೇಲೆ ಕಲಿಯಲು ಬಂದ ಹಿರಿಯರೊಬ್ಬರು ಮಕ್ಕಳೆಲ್ಲರ ಗಿಟಾರ್‌ಗಳನ್ನು ಪಾಠಕ್ಕೆ ಮೊದಲೇ ಟ್ಯೂನ್ ಮಾಡಿಡುವ ಕೆಲಸ ವಹಿಸಿಕೊಂಡರು. ನನ್ನ ಕೈಯಲ್ಲಿ ಪೆಗ್ ತಿರುಗಿಸಲು ಆಗುವುದಿಲ್ಲ ಎನ್ನುವುದನ್ನು ಅವರು ನಾನು ಹೇಳದೆಯೇ ಗಮನಿಸಿದ್ದರು. ಈ ನಡುವೆಯೇ ಇಬ್ಬರು ಟ್ರಿನಿಟಿ ಕಾಲೇಜ್ ಲಂಡನ್‌ನ ಸಂಗೀತ ಗ್ರೇಡ್ ಪರೀಕ್ಷೆ ಪಾಸು ಮಾಡಿದರು. ಆ ಸರ್ಟಿಫಿಕೇಟುಗಳನ್ನು ನೋಡಿದಾಗ ನನಗಾದ ಸಂತೋಷ ಹೇಳಲಾರೆ.

ಎರಡನೆಯದಾಗಿ, ಬೀಟೆ (ರೋಸ್‌ವುಡ್) ಮರದಲ್ಲಿ ಚಿತ್ತಾರ ಕೂರಿಸುವ ಇನ್ಲೇ ಕೆಲಸ ಮಾಡುವ ನಮ್ಮ ಮೈಸೂರಿನ ಹಿರಿಯ ಕುಶಲಕರ್ಮಿಯೊಬ್ಬರಿಗೆ. ನನ್ನ ಗಿಟಾರಿನ ಬೆನ್ನು, ಪಕ್ಕೆ ಎರಡೂ ಬೀಟೆ. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ಮಾರ್ಟಿನ್‌ನಂಥ ಅಮೆರಿಕದ ಗಿಟಾರ್ ಕಂಪನಿ ತಿರುಗಿದ್ದು ನಮ್ಮ ದೇಶದ ಈ ಮರಕ್ಕೇ. ಅದರ ಸ್ವಭಾವ ಬಲ್ಲವರು ಇವರು. ಫಿಸಿಯೋಥೆರಪಿಯವರು "ನುಡಿಸಬಹುದು, ಆದರೆ ಒತ್ತಡ ಕಡಿಮೆ ಮಾಡಿ" ಎಂದಾಗ ಗಿಟಾರ್ ತೆಗೆದುಕೊಂಡು ಇವರ ಹತ್ತಿರ ಹೋದೆ. ತಂತಿಗಳು ಎತ್ತರದಲ್ಲಿದ್ದವು, ನೆಕ್ ಮೇಲಿನ ಹನ್ನೆರಡನೇ ಫ್ರೆಟ್ (ಲೋಹದ ಅಡ್ಡಪಟ್ಟಿ) ಹತ್ತಿರ 3 ಮಿ.ಮೀ. ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಇನ್ನೊಂದು ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ, ಅಂದರೆ ಸ್ಯಾಡಲ್‌ನಲ್ಲಿ 2 ಮಿ.ಮೀ. ತೆಗೆಯಬೇಕು. ಸ್ಯಾಡಲ್‌ನ ತಳವನ್ನು ಉಪ್ಪುಕಾಗದದ ಮೇಲೆ ಉಜ್ಜುವುದು, ಕೂರಿಸುವುದು, ತಂತಿ ಬಿಗಿದು ನನ್ನ ಕೈಗೆ ಕೊಡುವುದು, ನನ್ನ ಮುಖ ನೋಡುವುದು, ಮತ್ತೆ ಬಿಚ್ಚುವುದು. ಒಂದು ಮಧ್ಯಾಹ್ನ ಪೂರ್ತಿ ತಮ್ಮ ಆರ್ಡರ್ ಕೆಲಸ ಬದಿಗಿಟ್ಟು ಇದನ್ನೇ ಮಾಡಿದರು. 12ರ ಬದಲು ಇನ್ನೂ ತೆಳ್ಳಗಿನ 11ರ ಸೆಟ್ ತಂತಿ ಹಾಕಿದೆವು. ತಂತಿಯ ಬಿಗಿ ಕಡಿಮೆಯಾಗಲೆಂದು ಗಿಟಾರನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿದೆವು. ಆ ದಿನ ಸಿ ಕಾರ್ಡ್ ನೋವಿಲ್ಲದೆ ಹಿಡಿದೆ. ಅವರ ಅಂಗಡಿಯಲ್ಲೇ ಅತ್ತುಬಿಟ್ಟೆ. ಅವರು ಮಾತಾಡದೆ ಚಹಾ ತರಿಸಿದರು.

ಇನ್ನು ಮಂಡ್ಯದ ಆ ಹುಡುಗ. ನನ್ನ ಹತ್ತಿರವೇ ಕಲಿತವನು. ತಂಡದಲ್ಲಿ ನನ್ನ ಬದಲಿಗೆ ಇಡೀ ಸೀಸನ್ ಅವನೇ ನುಡಿಸಿದ. ಚೆನ್ನಾಗಿಯೇ ನುಡಿಸಿದ, ಬೇಕಿದ್ದರೆ ಆ ಜಾಗದಲ್ಲೇ ಉಳಿಯಬಹುದಿತ್ತು. ಯಾರೂ ಬೇಡವೆನ್ನುತ್ತಿರಲಿಲ್ಲ, ನಾನೂ ಸಹ. ಆದರೆ ಆಪರೇಷನ್ ಆದ ಮೇಲೆ ಒಂದು ದಿನ ಬಂದು ಇನ್ನೂರು ಪುಟದ ನೋಟ್‌ಬುಕ್ಕು ಕೈಗಿಟ್ಟ. ಪ್ರತಿ ಹಾಡಿಗೆ ಒಂದು ಪುಟ. ಗಾಯಕಿಯ ಶ್ರುತಿ ಐದೂವರೆ ಮನೆ (ಜಿ ಶಾರ್ಪ್), ಕ್ಯಾಪೊ 1, ಜಿ ಶೇಪ್. ಕ್ಯಾಪೊ ಎಂದರೆ ಫ್ರೆಟ್ ಮೇಲೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್, ಒಂದು ಫ್ರೆಟ್ ಮೇಲೇರಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಧಾರವಾಡದ ಗಾಯಕರು ಬಂದ ದಿನದ ಪುಟದಲ್ಲಿ ಅದೇ ಶ್ರುತಿಗೆ ಅವರು ಹೇಳಿದಂತೆ "ಕರಿ ನಾಲ್ಕು" (ಹಾರ್ಮೋನಿಯಂನ ನಾಲ್ಕನೇ ಕರಿ ಮನೆ) ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ: "ಅಕ್ಕಾ, ಚರಣದ ಕೊನೇ ಸಾಲಲ್ಲಿ ಉಸಿರು ತಗೋತಾರೆ, ಅಲ್ಲಿ ಸ್ಟ್ರಮ್ ಮಾಡಬೇಡಿ." ಇನ್ನೊಂದರಲ್ಲಿ: "ಅಕ್ಕಾ, ತಬಲಾದವರು ಈಗ ಇಲ್ಲಿ ತಿಹಾಯಿ ಹಾಕ್ತಿದ್ದಾರೆ, ಸಮ್ ಬರೋತನಕ ಕಾಯಿರಿ." (ತಿಹಾಯಿ ಎಂದರೆ ಮೂರು ಸಲ ನುಡಿಸುವ ಒಂದೇ ಬೋಲು, ಸಮ್ ಎಂದರೆ ತಾಳದ ಮೊದಲ ಪೆಟ್ಟು.) ನಾನು ತಿರುಗಿ ಬರುತ್ತೇನೋ ಇಲ್ಲವೋ ಎಂದು ನನಗೇ ಗೊತ್ತಿಲ್ಲದಿದ್ದಾಗ ಬರೆದಿಟ್ಟ ಮಾತುಗಳು ಇವು. ನನ್ನ ಗಿಟಾರ್ ಈಗ ಅರ್ಧ ಸ್ವರ ಕೆಳಗಿದೆ ಎಂದು ಗೊತ್ತಾದ ಮೇಲೆ ನೋಟ್‌ಬುಕ್ಕನ್ನು ವಾಪಸ್ ತೆಗೆದುಕೊಂಡು ಹೋಗಿ, ಎಲ್ಲ ಪುಟಗಳಲ್ಲೂ ಕ್ಯಾಪೊ ಸಂಖ್ಯೆಗೆ ಪೆನ್ಸಿಲ್‌ನಲ್ಲಿ ಒಂದೊಂದು ಕೂಡಿಸಿ ತಂದುಕೊಟ್ಟ.

ಮನೆಯಲ್ಲಿ ಅತ್ತೆ ಈ ವಯಸ್ಸಲ್ಲಿ ಮತ್ತೆ ಅಡುಗೆಮನೆ ಹಿಡಿದರು. ನನ್ನವರು ಎರಡು ಹೊತ್ತೂ ಮಣಿಕಟ್ಟಿನ ವ್ಯಾಯಾಮ ಮಾಡಿಸಿದರು. ಅವರಿಗೆ ಮನೆಯಲ್ಲೇ ಹೇಳಿದ್ದೇನೆ, ಎಲ್ಲರೆದುರೂ ಹೇಳಬೇಕು ಅನ್ನಿಸಿತು.

ತಂಡ ನಡೆಸುವ ಅಣ್ಣನಿಗೆ ಎರಡು ಸಲ ಕೃತಜ್ಞತೆ. ಪ್ರತಿ ಕಾರ್ಯಕ್ರಮದ ಹಿಂದಿನ ದಿನ "ಕೈ ಹೇಗಿದೆಯಮ್ಮ?" ಎಂದು ತಪ್ಪದೆ ಕೇಳಿದ್ದಕ್ಕೆ ಒಂದು. ಈ ಗಣೇಶನ ಹಬ್ಬದಿಂದ ಆ ಹುಡುಗನನ್ನೂ ಎರಡನೇ ಗಿಟಾರ್‌ಗೆ ಇಟ್ಟುಕೊಳ್ಳೋಣ, ಇಬ್ಬರಿಗೂ ಪೂರ್ತಿ ಸಂಭಾವನೆ ಕೊಡೋಣ ಎಂದು ನಾನು ಕೇಳಿದಾಗ ಒಂದೇ ಮಾತಿಗೆ ಒಪ್ಪಿದ್ದಕ್ಕೆ ಇನ್ನೊಂದು. ಅಭ್ಯಾಸ ಬರುವ ಬುಧವಾರದಿಂದ. ಭಾನುವಾರದ ಬ್ಯಾಚಿನವರು ಎಂದಿನಂತೆ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಈ ಸಲ ನಾನೂ ನಿಮ್ಮ ಜೊತೆ ನುಡಿಸುತ್ತೇನೆ.