ಸಬ್‌ಟೈಟಲಿನಲ್ಲಿ ಎರಡೂ ಭಾಷೆ ಕಾಣಲಿ

ಮಾನ್ಯ ಸಂಪಾದಕರೇ,

ಕಾಸರಗೋಡು, ಮಂಜೇಶ್ವರ ಕಡೆಯ ವಾಚನಾಲಯಗಳಲ್ಲಿ ತೋರಿಸಲು ಆಂಥನಿ ಶಿಮ್ ನಿರ್ದೇಶನದ ‘ರೈಸ್‌ಬಾಯ್ ಸ್ಲೀಪ್ಸ್’ (2022) ಹೇಳಿ ಮಾಡಿಸಿದ ಚಿತ್ರ. ಟೊರಾಂಟೊ ಚಿತ್ರೋತ್ಸವದ ಪ್ಲಾಟ್‌ಫಾರ್ಮ್ ಪ್ರಶಸ್ತಿ ಬಂದಿದ್ದರೂ ನಮ್ಮಲ್ಲಿ ನೋಡಿದವರು ವಿರಳ. 1990ರ ದಶಕದಲ್ಲಿ ಕೊರಿಯಾದಿಂದ ಕೆನಡಾಕ್ಕೆ ಹೋದ ಒಂಟಿ ತಾಯಿ ಸೋ-ಯಂಗ್ ಮತ್ತು ಮಗ ಡಾಂಗ್-ಹ್ಯುನ್ ಕಥೆ. ಬುತ್ತಿಯಲ್ಲಿ ಅನ್ನದ ಸುರುಳಿ ಕಂಡದ್ದೇ ತಡ, ಸಹಪಾಠಿಗಳ ಗೇಲಿ ಶುರು. ಶಾಲೆಗಾಗಿ ಅವನು ಡೇವಿಡ್ ಆಗುತ್ತಾನೆ. ದೊಡ್ಡವನಾದ ಮೇಲೆ ಅಮ್ಮ ಕೊರಿಯನ್ನಿನಲ್ಲಿ ಕೇಳಿದರೆ ಮಗನ ಉತ್ತರ ಇಂಗ್ಲಿಷಿನಲ್ಲಿ.

ಕನ್ನಡ ಸಬ್‌ಟೈಟಲ್ ಮಾಡುವವರು ಎಡವುವುದು ಇಲ್ಲೇ. ಇಬ್ಬರ ಮಾತೂ ಒಂದೇ ಬಿಳಿ ಅಕ್ಷರದ ಕನ್ನಡವಾದರೆ ಅವರ ನಡುವಿನ ಬಿರುಕು ಅಳಿಸಿಹೋಗುತ್ತದೆ. ಮನೆಯಲ್ಲಿ ತುಳು ಅಥವಾ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಬದಲಾಯಿಸುವ ನಮ್ಮ ಮಕ್ಕಳಿಗೆ ತಟ್ಟನೆ ಹೊಳೆಯಬೇಕಾದದ್ದೇ ಅದು. ಕೊರಿಯನ್ ಮಾತು ಬಿಳಿ, ಇಂಗ್ಲಿಷ್ ಮಾತು ಹಳದಿ ಇರಲಿ. ಸಬ್‌ಟೈಟಲಿನ ಪಠ್ಯ ಮತ್ತು ಸಮಯ ಇರುವ ಎಸ್‌ಆರ್‌ಟಿ ಫೈಲಿನಲ್ಲೇ ಬಣ್ಣದ ಟ್ಯಾಗ್ (ಬಣ್ಣ ಸೂಚಿಸುವ ಗುರುತು) ಹಾಕಬಹುದು. ಇಟಾಲಿಕ್ ಬೇಡ, ಓರೆಯಾದ ಕನ್ನಡ ದೂರದಿಂದ ಓದಲಾಗದು. ಇಂಥ ಚಿತ್ರಗಳ ಸಾಮಾನ್ಯ ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಎಷ್ಟೋ ಸಲ ಪರಭಾಷೆಯ ಮಾತಷ್ಟೇ ಇರುತ್ತದೆ. ಅದನ್ನೇ ನಂಬಿ ಅನುವಾದಿಸಿದರೆ ಮಗ ಮೂಕನಾಗುತ್ತಾನೆ! ಎಲ್ಲ ಮಾತೂ ಇರುವ, ಕಿವುಡರಿಗೆಂದು ಮಾಡಿದ ಫೈಲ್ ಹುಡುಕಿ.

ಒಂದು ಸಲಕ್ಕೆ ಎರಡೇ ಸಾಲು. ಸಾಲಿನ ಅಂತರ ತುಸು ಹೆಚ್ಚಿಸದಿದ್ದರೆ ಮೇಲಿನ ‘ಸ್ತ್ರ’ದ ಒತ್ತು ಕೆಳಗಿನ ‘ಕಿ’ಯ ಗುಡಿಸಿಗೆ ತಾಗುತ್ತದೆ. ಫೈಲನ್ನು ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಉಳಿಸುವ ವಿಧಾನ) ಉಳಿಸಿ. ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದು ಪರದೆಯ ಮೇಲೆ ಬರೀ ಕಲಸುಮೇಲೋಗರ.

ಇನ್ನು ಪ್ರೊಜೆಕ್ಟರ್. 16 ಎಂಎಂ ಫಿಲ್ಮಿನಲ್ಲಿ ತೆಗೆದ ಈ ಚಿತ್ರದ ಕೆನಡಾ ಭಾಗ ಹಳೇ ಟೀವಿಯಂತೆ 4:3ರ ಚೌಕಟ್ಟಿನಲ್ಲಿದೆ. ಎರಡು ಬದಿಯ ಕಪ್ಪು ಪಟ್ಟಿ ಕಂಡು, ಏನೋ ಕೆಟ್ಟಿದೆಯೆಂದು ರಿಮೋಟಿನಲ್ಲಿ ‘ಫುಲ್’ ಒತ್ತುವವರೇ ಹೆಚ್ಚು. ಮುಖಗಳು ಅಡ್ಡಡ್ಡ ಉಬ್ಬುತ್ತವೆ. ಅದಕ್ಕಿಂತ ದೊಡ್ಡ ನಷ್ಟ ಮುಂದಿದೆ: ತಾಯಿ-ಮಗ ಕೊರಿಯಾದ ಊರಿಗೆ ಮರಳಿದಾಗ ಚೌಕಟ್ಟು ಅಗಲವಾಗುವುದೇ ಗೊತ್ತಾಗದು.

ತಂದೆಯ ಆತ್ಮಹತ್ಯೆ, ತಾಯಿಯ ಕ್ಯಾನ್ಸರ್ ಕಥೆಯಲ್ಲಿವೆ. ಎಂಟನೆಯ ತರಗತಿಗಿಂತ ಚಿಕ್ಕವರಿಗೆ ಬೇಡ. ಓಟಿಟಿ ಚಂದಾ ಮನೆಯಲ್ಲಿ ನೋಡಲಷ್ಟೇ. ಸಾರ್ವಜನಿಕ ಪ್ರದರ್ಶನಕ್ಕೆ ವಿತರಕರ ಲಿಖಿತ ಅನುಮತಿ ಬೇಕು. ಉತ್ತರ ಬರಲು ಹೊತ್ತು ಹಿಡಿಯುವುದರಿಂದ ಬೇಸಿಗೆ ಶಿಬಿರಕ್ಕಾದರೆ ಜನವರಿಯಲ್ಲೇ ಪತ್ರ ಬರೆಯುವುದು ಒಳ್ಳೆಯದು.

– ಚಿತ್ರಾಸಕ್ತರು, ಬದಿಯಡ್ಕ