‘ಚೆನ್ನಾಗಿದ್ದೀನಿ’ ಅಂದ ಮೇಲೆ ಇನ್ನೊಂದು ಮಾತು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಮನೆ ಬಿಟ್ಟು ವಿಶ್ವವಿದ್ಯಾಲಯಕ್ಕೆ ಓದಲು ಹೋಗಿ ಆರು ವಾರವಾಯಿತು. ಮೊನ್ನೆ ಫೋನಿನಲ್ಲಿ ‘ಹೇಗಿದ್ದೀಯೇ’ ಅಂತ ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ ನೀನು ‘ಚೆನ್ನಾಗಿದ್ದೀನಿ ದೊಡ್ಡಮ್ಮ’ ಅಂದುಬಿಟ್ಟೆ. ಇಷ್ಟು ಬೇಗ ಬರುವ ಉತ್ತರದ ಪರಿಚಯ ನನಗಿದೆ. ನಿನ್ನ ವಯಸ್ಸಿನಲ್ಲಿ ನಾನೂ ಇದೇ ಉತ್ತರವನ್ನು ಇದೇ ವೇಗದಲ್ಲಿ ಕೊಡುತ್ತಿದ್ದೆ. ಫೋನಿನಲ್ಲೇ ಬುದ್ಧಿ ಹೇಳೋಣ ಅಂದರೆ ನೀನು ‘ಹೂಂ, ಹೂಂ’ ಅನ್ನುತ್ತಾ ಇನ್ನೇನೋ ಮಾಡುತ್ತಿರುತ್ತೀಯ. ಅದಕ್ಕೇ ಈ ಕಾಗದ. ಕಾಗದದ ಮುಂದೆ ಹೂಂಗುಟ್ಟಿದರೆ ಅದು ನಿಲ್ಲುವುದಿಲ್ಲ ನೋಡು.

ನಿನಗೆ ಒಂದು ಕಥೆ ಹೇಳಬೇಕು. ನಿಮ್ಮಮ್ಮನಿಗೂ ಇದು ಇವತ್ತಿನವರೆಗೆ ಗೊತ್ತಿಲ್ಲ.

ನಾನು ಮೊದಲ ವರ್ಷಕ್ಕೆ ಸೇರಿ ಒಂದು ತಿಂಗಳಾಗಿತ್ತು. ಸ್ಕೂಲಿನಲ್ಲಿ ಯಾವಾಗಲೂ ಮುಂದಿನ ಸಾಲಿನವಳು ನಾನು. ಮೊದಲ ಅಸೈನ್‌ಮೆಂಟ್ ವಾಪಸ್ ಬಂತು. ತುಂಬ ಕಡಿಮೆ ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ವಿಷಯ ಅರ್ಥವಾದಂತಿಲ್ಲ’ ಅಂತ ಒಂದು ಸಾಲು. ಅಷ್ಟೇ. ಮರುದಿನ ಆ ಕ್ಲಾಸಿಗೆ ಹೋಗಲು ಕಾಲೇ ಬರಲಿಲ್ಲ. ಒಂದು ದಿನ ತಾನೇ ಅಂದುಕೊಂಡೆ. ಮುಂದಿನ ಕ್ಲಾಸಿನ ಹೊತ್ತಿಗೆ, ಹಿಂದಿನದು ತಪ್ಪಿದೆ, ಈಗ ಹೋದರೆ ಏನೂ ತಿಳಿಯುವುದಿಲ್ಲ ಅನ್ನಿಸಿತು. ಅದರ ಮುಂದಿನದಕ್ಕೆ, ಎರಡು ತಪ್ಪಿಸಿ ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸಿತು. ಹೀಗೆ ಮೂರು ವಾರ. ಬೆಳಿಗ್ಗೆ ಕೋಣೆಯಲ್ಲೇ ಮಲಗಿರುತ್ತಿದ್ದೆ. ಸಂಜೆ ಮನೆಗೆ ಫೋನ್ ಮಾಡಿ ‘ಚೆನ್ನಾಗಿದ್ದೀನಿ, ಓದು ಚೆನ್ನಾಗಿ ನಡೀತಿದೆ’ ಅನ್ನುತ್ತಿದ್ದೆ.

ಒಂಟಿಯಾಗಿರುವುದರಲ್ಲಿ ದೊಡ್ಡ ಅಪಾಯ ಇದೇ, ಪುಟ್ಟಿ. ಮನೆಯಲ್ಲಿದ್ದರೆ ಎರಡನೇ ದಿನವೇ ಯಾರಾದರೂ ಬಾಗಿಲು ತಟ್ಟಿ ‘ಯಾಕೆ, ಹುಷಾರಿಲ್ವಾ’ ಅನ್ನುತ್ತಿದ್ದರು. ಊಟ ಬಿಟ್ಟರೆ ಕೇಳುತ್ತಿದ್ದರು. ಮುಖ ಸಣ್ಣದಾದರೆ ಕೇಳುತ್ತಿದ್ದರು. ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು ಬಿಡು. ಈಗ ನಿನ್ನ ಮುಖ ನೋಡಲು ಕನ್ನಡಿ ಒಂದೇ ಇದೆ. ನೀನು ಹೇಳದೆ ಯಾರಿಗೂ ತಿಳಿಯುವುದಿಲ್ಲ.

ನನ್ನ ಕಥೆ ಹೇಗೆ ಮುಗಿಯಿತು ಅಂದರೆ, ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ಕೋಣೆಗೆ ಬಂದಳು. ಅವಳಿಗೆ ಕಾಳಜಿ ಏನೂ ಇರಲಿಲ್ಲ, ನನಗೆ ಕೊಟ್ಟಿದ್ದ ಪುಸ್ತಕ ವಾಪಸ್ ಬೇಕಿತ್ತು! ನಾನು ಅತ್ತುಬಿಟ್ಟೆ. ಅವಳಿಗೆ ಗಾಬರಿ. ಮರುದಿನ ಅವಳೇ ಎಳೆದುಕೊಂಡು ಹೋಗಿ ಆ ಮೇಷ್ಟ್ರ ಕೋಣೆಯ ಮುಂದೆ ನಿಲ್ಲಿಸಿದಳು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತನ್ನು ಅವರು ಪೂರ್ತಿ ಕೇಳಲೂ ಇಲ್ಲ. ‘ಎರಡು ಅಧ್ಯಾಯ ಹಿಂದಿದ್ದೀಯ. ಇದನ್ನು ಓದಿಕೊಂಡು ಗುರುವಾರ ಬಾ’ ಅಂದರು. ಎರಡು ನಿಮಿಷದ ಮಾತು. ಇದಕ್ಕಾಗಿ ಮೂರು ವಾರ ಹೆದರಿದ್ದೆ.

ಆಮೇಲೆ ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳಲ್ಲ. ಆ ಪೇಪರ್ ಫೇಲ್ ಆದೆ. ಮತ್ತೆ ಬರೆದು ಪಾಸಾದೆ. ಆದರೆ ಇವತ್ತು ಯೋಚಿಸಿದರೆ ಆ ಫೇಲಿನ ನೆನಪು ಅಷ್ಟಾಗಿ ಕಾಡುವುದಿಲ್ಲ. ಪರದೆ ಎಳೆದ ಕೋಣೆಯಲ್ಲಿ ಕಳೆದ ಆ ಮೂರು ವಾರ ಈಗಲೂ ಕಾಡುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಏನಾದರೂ ಕೆಟ್ಟರೆ ಅದು ಸಣ್ಣದಿರುವಾಗಲೇ ಯಾರಿಗಾದರೂ ಹೇಳು. ನನಗೇ ಹೇಳಬೇಕು ಅಂತಿಲ್ಲ. ಮೇಷ್ಟ್ರಿಗೆ, ಪಕ್ಕದ ಕೋಣೆಯವಳಿಗೆ, ಸೀನಿಯರ್‌ಗೆ, ಯಾರಿಗಾದರೂ ಸರಿ. ಒಂದು ಕ್ಲಾಸ್ ತಪ್ಪಿದ್ದನ್ನು ಹೇಳುವುದು ಸುಲಭ. ಇಪ್ಪತ್ತು ತಪ್ಪಿದ ಮೇಲೆ ಬಾಯಿ ಕಟ್ಟುತ್ತದೆ.

ಈಗ ದಿನದ ವಿಷಯಕ್ಕೆ ಬರುತ್ತೇನೆ. ‘ಹೊತ್ತು ಹೇಗೆ ಹೋಗುತ್ತೋ ಗೊತ್ತಾಗಲ್ಲ’ ಅಂದೆಯಲ್ಲ. ಸ್ಕೂಲಿನಲ್ಲಿ ಗಂಟೆ ಹೊಡೆದು ನಿನ್ನನ್ನು ಎಬ್ಬಿಸಿ ಕೂರಿಸುತ್ತಿದ್ದರು. ಈಗ ದಿನಕ್ಕೆ ಮೂರೋ ನಾಲ್ಕೋ ಗಂಟೆ ಕ್ಲಾಸು. ಉಳಿದದ್ದು ಯಾರ ಸ್ವತ್ತೂ ಅಲ್ಲ. ಗೋಡೆಗೆ ಮೊಳೆ ಇಲ್ಲದಿದ್ದರೆ ಬಟ್ಟೆಯೆಲ್ಲ ನೆಲಕ್ಕೆ ಬೀಳುತ್ತದೆ ಅಲ್ವಾ? ದಿನಕ್ಕೂ ಒಂದು ಮೊಳೆ ಬೇಕು. ಗಂಟೆ ಗಂಟೆಗೂ ಟೈಮ್‌ಟೇಬಲ್ ಹಾಕಬೇಡ, ಅದು ಮೂರು ದಿನವೂ ಬಾಳುವುದಿಲ್ಲ. ಏಳುವ ಹೊತ್ತನ್ನು ಮಾತ್ರ ಗಟ್ಟಿ ಮಾಡಿಕೋ. ಭಾನುವಾರವೂ ಅದೇ ಹೊತ್ತು. ಎದ್ದ ಕೂಡಲೇ ಪರದೆ ಸರಿಸಿ ಬೆಳಕಿಗೆ ಮುಖ ಕೊಡು. ನಿನ್ನ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ರಾತ್ರಿ ನಿದ್ದೆ ಬರುವುದು ತಡ, ಬೆಳಿಗ್ಗೆ ಏಳುವುದೂ ತಡ. ಎಲ್ಲವನ್ನೂ ಸೋಮಾರಿತನ ಅಂತ ನಿನ್ನನ್ನೇ ಬೈದುಕೊಳ್ಳಬೇಡ. ಬೆಳಗಿನ ಬೆಳಕು ಆ ಗಡಿಯಾರದ ತಡವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ನಿದ್ದೆ ಏಳು ಗಂಟೆಗಿಂತ ಕಡಿಮೆ ಆಗಬಾರದು. ಇನ್ನು ನಿನ್ನ ಸಂಜೆಯ ಕಾಫಿ. ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು. ಆರು ಗಂಟೆಗೆ ಕುಡಿದದ್ದರಲ್ಲಿ ಅರ್ಧ, ರಾತ್ರಿ ಹನ್ನೊಂದಕ್ಕೂ ನಿನ್ನೊಳಗೇ ಎಚ್ಚರವಾಗಿ ಕೂತಿರುತ್ತದೆ.

ಓದಿನ ಬಗ್ಗೆ ಒಂದೇ ಮಾತು, ಯಾಕೆಂದರೆ ನಿನಗೆ ಓದಲು ಬರುತ್ತದೆ. ಮೊದಲ ವರ್ಷದಲ್ಲಿ ಮೋಸವಾಗುವುದು ಎಲ್ಲಿ ಗೊತ್ತಾ? ಕ್ಲಾಸಿನಲ್ಲಿ ಕೇಳುವಾಗ ಎಲ್ಲ ತಿಳಿದಂತೆ ಇರುತ್ತದೆ. ನೋಟ್ಸ್ ಮತ್ತೆ ಮತ್ತೆ ಓದಿದರೂ ತಿಳಿದಂತೆಯೇ ಇರುತ್ತದೆ. ಪುಸ್ತಕ ಮುಚ್ಚಿದರೆ ಖಾಲಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ ನೋಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದಾದರು. ಹಾಗಾಗಿ ಆ ದಿನದ ಪಾಠವನ್ನು ಆ ಸಂಜೆಯೇ, ಪುಸ್ತಕ ಮುಚ್ಚಿ, ಒಂದು ಹಾಳೆಯಲ್ಲಿ ಬರೆದು ನೋಡು. ಹದಿನೈದು ನಿಮಿಷ ಸಾಕು. ಖಾಲಿ ಬಿದ್ದ ಜಾಗ ಮರುದಿನ ಕೇಳಬೇಕಾದ ಪ್ರಶ್ನೆ. ಪರೀಕ್ಷೆಯ ಹಾಲ್‌ನಲ್ಲಿ ಬಾಯಿ ಬಿಡುವುದಕ್ಕಿಂತ ಕೋಣೆಯಲ್ಲಿ ಬಾಯಿ ಬಿಡುವುದು ವಾಸಿ.

ಗೆಳತಿಯರ ವಿಷಯಕ್ಕೆ ಜಾಸ್ತಿ ಹೊತ್ತು ನಿಲ್ಲುತ್ತೇನೆ. ‘ಎಲ್ಲರಿಗೂ ಆಗಲೇ ಗುಂಪು ಸಿಕ್ಕಿದೆ, ನನಗೊಬ್ಬಳಿಗೇ ಇಲ್ಲ’ ಅಂದೆ. ಎಲ್ಲರಿಗೂ ಸಿಕ್ಕಿಲ್ಲ ಕಣೇ. ಗುಂಪಾಗಿ ನಗುತ್ತಾ ಫೋಟೋ ತೆಗೆಸಿಕೊಳ್ಳುವ ಐದು ಜನರಲ್ಲಿ ಮೂವರಿಗೆ ಉಳಿದವರ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ. ಜೆಫ್ರಿ ಹಾಲ್ ಅನ್ನುವ ಸಂಶೋಧಕರು ಹೊಸದಾಗಿ ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿಗಳನ್ನೂ ಕೇಳಿ ಒಂದು ಲೆಕ್ಕ ಹಾಕಿದ್ದಾರೆ. ಬರೀ ಪರಿಚಯ ಅನ್ನುವುದು ಸಾಧಾರಣ ಸ್ನೇಹ ಆಗಲು ಜೊತೆಯಲ್ಲಿ ಸುಮಾರು 50 ಗಂಟೆ ಕಳೆಯಬೇಕು. ಆಪ್ತ ಸ್ನೇಹಕ್ಕೆ 200 ಗಂಟೆಗೂ ಜಾಸ್ತಿ. ಸ್ನೇಹವನ್ನು ಗಂಟೆಯಲ್ಲಿ ಅಳೆಯುವುದು ನನಗೂ ತಮಾಷೆ ಅನ್ನಿಸಿತು. ಆದರೂ ಲೆಕ್ಕ ಹಾಕಿ ನೋಡು. ವಾರಕ್ಕೆ ನಾಲ್ಕು ಗಂಟೆ ಒಬ್ಬಳ ಜೊತೆ ಕೂತರೂ 50 ಆಗಲು ಮೂರು ತಿಂಗಳು. ನೀನು ಹೋಗಿ ಇನ್ನೂ ಆರು ವಾರ. ನಿನ್ನಲ್ಲೇನೋ ಕೊರತೆ ಇದೆ ಅಂದುಕೊಂಡಿದ್ದೀಯಲ್ಲ, ಗಂಟೆ ಸಾಲದು, ಅಷ್ಟೇ.

ಗಂಟೆ ಕೂಡಿಸಲು ದೊಡ್ಡ ಮಾತುಗಾರಳಾಗಬೇಕಿಲ್ಲ. ನೀನು ಮಾತು ಕಡಿಮೆ ಆಡುವವಳು, ಹಾಗೇ ಇರು. ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಹೋಗು. ಲೈಬ್ರರಿಯ ಅದೇ ಮೇಜು, ಕ್ಲಾಸಿನ ಅದೇ ಸಾಲು. ವಾರಕ್ಕೊಮ್ಮೆ ಸೇರುವ ಒಂದು ಗುಂಪಿಗೆ ಹೆಸರು ಕೊಡು. ಆಟವೋ, ಹಾಡೋ, ಬೆಟ್ಟ ಹತ್ತುವುದೋ, ಏನಾದರೂ ಸರಿ. ಕೈಗೆ ಕೆಲಸ ಇದ್ದರೆ ಬಾಯಿಗೆ ಭಾರ ಇರುವುದಿಲ್ಲ. ಎರಡು ವಾರ ಯಾರೂ ಮಾತಾಡಿಸದಿದ್ದರೂ ಮೂರನೇ ವಾರ ಹೋಗು. ಆಮೇಲೆ ಒಂದು ವಾರ ನೀನು ಬರದೇ ಹೋದರೆ ‘ಆ ಮೂಲೆಯಲ್ಲಿ ಕೂರುತ್ತಿದ್ದಳಲ್ಲ, ಅವಳೆಲ್ಲಿ’ ಅಂತ ಯಾರಾದರೂ ಕೇಳುವ ಹಾಗಾಗಬೇಕು. ಅಷ್ಟಾದರೆ ಅರ್ಧ ಕೆಲಸ ಆದಂತೆ.

ಫೋನಿನ ಕೊನೆಗೆ, ಮನೆ ನೆನಪಾಗುತ್ತೆ ಅನ್ನಲು ಹೋಗಿ ನೀನು ಮಾತು ಬದಲಿಸಿದ್ದು ನನಗೆ ಕೇಳಿಸಿತು. ನಾಚಿಕೆ ಯಾಕೆ? 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಅನ್ನುವ ವೈದ್ಯ ವಿದ್ಯಾರ್ಥಿ ಈ ಸಂಕಟದ ಮೇಲೇ ಒಂದು ಪ್ರಬಂಧ ಬರೆದ. ‘ನಾಸ್ಟಾಲ್ಜಿಯಾ’ ಅನ್ನುವ ಪದ ಹುಟ್ಟಿಸಿದವನೇ ಅವನು. ಗ್ರೀಕಿನಲ್ಲಿ ನೋಸ್ಟೋಸ್ ಅಂದರೆ ಮನೆಗೆ ಮರಳುವುದು, ಅಲ್ಗೋಸ್ ಅಂದರೆ ನೋವು. ಅವನು ಹೇಳುವ ರೋಗಿಗಳಲ್ಲಿ ಒಬ್ಬ ನಿನ್ನಂಥವನೇ. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗ. ನೂರು ಕಿಲೋಮೀಟರಿನೊಳಗಿನ ದೂರ. ಕೊರಗಿ ಕೊರಗಿ ಹಾಸಿಗೆ ಹಿಡಿದ, ಇನ್ನು ಉಳಿಯಲಾರ ಅನ್ನುವಷ್ಟಾಯಿತು. ಕೊನೆಗೆ ಊರಿಗೆ ಕಳಿಸೋಣ ಅಂತ ನಿರ್ಧರಿಸಿದರು. ಹೊರಡುವ ಮಾತು ಕಿವಿಗೆ ಬೀಳುತ್ತಲೇ ಅವನಿಗೆ ಉಸಿರು ಬಂತು. ಊರು ಮುಟ್ಟುವ ಮೊದಲೇ ಹುಷಾರಾಗಿದ್ದ!

ಈ ಕಥೆ ನನಗೆ ಇಷ್ಟ. ಹುಡುಗನಿಗೆ ಬೇಕಿದ್ದದ್ದು ಬಾಗಿಲು ತೆರೆದಿದೆ ಅನ್ನುವ ಭರವಸೆ ಅಂತ ನಾನು ಓದಿಕೊಂಡಿದ್ದೇನೆ. ನಿನ್ನ ಬಾಗಿಲೂ ತೆರೆದೇ ಇದೆ. ಆದರೆ ಪ್ರತಿ ವಾರ ಓಡಿ ಬರಬೇಡ. ಇದನ್ನು ಹೇಳಲು ನನಗೂ ಕಷ್ಟ, ನಿಮ್ಮಮ್ಮ ನನ್ನ ಮೇಲೆ ಸಿಟ್ಟಾಗುತ್ತಾಳೆ. ನೆಟ್ಟ ಗಿಡವನ್ನು ದಿನಾ ಕಿತ್ತು ಬೇರು ಬಂತಾ ಅಂತ ನೋಡಿದರೆ ಬೇರು ಬರುವುದು ಯಾವಾಗ? ಮೊದಲ ಎರಡು ತಿಂಗಳ ಶನಿವಾರ, ಭಾನುವಾರಗಳೇ ಅಲ್ಲಿ ಸ್ನೇಹ ಕುದುರುವ ಹೊತ್ತು. ತೀರಾ ಆಗದು ಅನ್ನಿಸಿದರೆ ಮಾತ್ರ ಯಾವ ದಿನವಾದರೂ, ಯಾರನ್ನೂ ಕೇಳದೆ ಬಾ. ಕಾರಣ ಕೇಳುವುದಿಲ್ಲ.

ಸಣ್ಣಪುಟ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೋಣೆಯ ಇನ್ನೊಂದು ಕೀಲಿಯನ್ನು ನಂಬಿಕೆಯ ಒಬ್ಬರ ಹತ್ತಿರ ಇಡು. ಮಾಡಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸು, ರಾತ್ರಿಯೆಲ್ಲ ಒಲೆಯ ಮೇಲೆ ಬಿಟ್ಟದ್ದನ್ನು ವಾಸನೆ ನೋಡಿ ತಿನ್ನಬೇಡ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚು. ಜ್ವರ ಬಂದರೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎಂಟು ದಾಟಬಾರದು. ಶೀತದ ಎಷ್ಟೋ ಮಾತ್ರೆಗಳಲ್ಲೂ ಅದೇ ಔಷಧಿ ಇರುತ್ತದೆ, ಚೀಟಿ ಓದಿ ಅದನ್ನೂ ಲೆಕ್ಕಕ್ಕೆ ಹಿಡಿ. ಜ್ವರ ಬಂದಿದೆ ಅಂತ ಪಕ್ಕದ ಕೋಣೆಗೆ ಹೇಳಿಯೇ ಮಲಗು.

ದುಡ್ಡು. ಮೊದಲ ತಿಂಗಳು ಎಲ್ಲರಿಗೂ ಕೈ ಮೀರುತ್ತದೆ. ಬಕೆಟ್ಟು, ದೀಪ, ಹೊದಿಕೆ ಅಂತ ಒಂದೇ ಸಲದ ಖರ್ಚು ಜಾಸ್ತಿ. ಅದನ್ನು ನೋಡಿ ಹೆದರಬೇಡ. ಎರಡನೇ ತಿಂಗಳಿಂದ ಬಾಡಿಗೆ, ಊಟದ್ದು ಮೊದಲು ಬದಿಗಿಟ್ಟು, ಉಳಿದದ್ದನ್ನು ವಾರಗಳಿಗೆ ಹಂಚಿಕೋ. ತಿಂಗಳಿಗೆ ನಾಲ್ಕೇ ವಾರ ಅಂತ ಹಂಚಿದರೆ ಕೊನೆಯ ಎರಡು ಮೂರು ದಿನ ಉಪವಾಸ, ನೆನಪಿರಲಿ. ಗೆಳತಿಯರು ಕರೆದಲ್ಲಿಗೆಲ್ಲ ಹೋಗಲು ದುಡ್ಡಿಲ್ಲದಿದ್ದರೆ ‘ಈ ವಾರ ಆಗಲ್ಲ ಕಣ್ರೇ’ ಅಂತ ನೇರವಾಗಿ ಹೇಳು. ನೀನು ಹೇಳಿದ ಕೂಡಲೇ ಇನ್ನಿಬ್ಬರು ‘ನನಗೂ’ ಅನ್ನದಿದ್ದರೆ ಕೇಳು.

ಇನ್ನೊಂದನ್ನು ಮಾತ್ರ ನಿಧಾನವಾಗಿ ಓದು. ಬೇಜಾರು ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರ ಸತತವಾಗಿ ಮನಸ್ಸು ಕುಸಿದೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಇಷ್ಟದ ಕೆಲಸವೂ ಬೇಡವಾದರೆ, ಅದನ್ನು ಸುಮ್ನೆ ಬೇಜಾರು ಅಂತ ಬಿಡಬೇಡ. ವಿಶ್ವವಿದ್ಯಾಲಯದ ಆಪ್ತ ಸಲಹೆಗಾರರ ಹತ್ತಿರವೋ ಡಾಕ್ಟರ್ ಹತ್ತಿರವೋ ಹೋಗು. ಕಾಲು ಉಳುಕಿದರೆ ಹೋಗುವುದಿಲ್ಲವಾ, ಹಾಗೆ. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಆ ಕ್ಷಣವೇ, ರಾತ್ರಿ ಮೂರು ಗಂಟೆಯಾದರೂ ಫೋನ್ ಮಾಡು. ನನ್ನ ಫೋನ್ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ನಿನ್ನ ಪಕ್ಕದ ಕೋಣೆಯ ಬಾಗಿಲನ್ನೂ ತಟ್ಟು. ನಿದ್ದೆ ಕೆಡಿಸಿದೆ ಅಂತ ಯಾರೂ ಬೈಯುವುದಿಲ್ಲ.

ನೋಡು, ಒಂದು ಪುಟ ಬರೆಯೋಣ ಅಂತ ಕೂತವಳು ಇಷ್ಟು ಬರೆದೆ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ‘ಹೇಗಿದ್ದೀಯ’ ಅಂತ ಕೇಳಲ್ಲ, ಅದಕ್ಕೆ ನಿನ್ನ ಉತ್ತರ ರೆಡಿ ಇದೆ. ಈ ವಾರ ಯಾವ ಕ್ಲಾಸ್ ತಪ್ಪಿಸಿದೆ, ಯಾರ ಜೊತೆ ಕೂತು ಊಟ ಮಾಡಿದೆ ಅಂತ ಕೇಳುತ್ತೇನೆ. ಈಗಲೇ ಸುಳ್ಳು ಹುಡುಕಬೇಡ.

ಇತಿ,
ನಿನ್ನ ದೊಡ್ಡಮ್ಮ

ತಾ.ಕ.: ಕೆಂಪು ಬಟ್ಟೆಯ ಜೊತೆ ಒಗೆದು ಗುಲಾಬಿಯಾದ ಆ ಬಿಳಿ ಶರ್ಟನ್ನು ಎಸೆಯಬೇಡ. ನನ್ನದೂ ಒಂದು ಹಾಗೇ ಆಗಿತ್ತು. ಮೂರು ವರ್ಷ ಹಾಕಿಕೊಂಡೆ. ಕೇಳಿದವರಿಗೆಲ್ಲ ಬಣ್ಣವೇ ಹಾಗೆ ಅಂದೆ.