ಖಾಕಿಗಿಂತ ಮೊದಲು ನರ್ಸ್ ಬರಲಿ

ಮಾನ್ಯ ಸಂಪಾದಕರೇ,

ಎರಡು ವರ್ಷದ ಹಿಂದೆ ಮತ್ತಿಕೆರೆಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ತಮ್ಮ ಒಂದು ರಾತ್ರಿ ರೂಮಿನ ಚಿಲಕ ಹಾಕಿಕೊಂಡು ಕೂತುಬಿಟ್ಟ. ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ. ಗೋಡೆಯಾಚೆ ಯಾರೋ ತನ್ನ ಮಾತು ಕದ್ದು ಕೇಳುತ್ತಿದ್ದಾರೆ, ಹಿಡಿದುಕೊಂಡು ಹೋಗಲು ಬರುತ್ತಾರೆ ಎನ್ನುತ್ತಿದ್ದ. ಆಂಬುಲೆನ್ಸ್‌ಗೆ ಫೋನ್ ಮಾಡಿದೆವು. 'ಪೇಷಂಟ್ ಬರಲ್ಲ ಅಂದ್ರೆ ನಾವು ಬಲವಂತ ಮಾಡೋಕಾಗಲ್ಲ, ಪೊಲೀಸ್‌ಗೆ ಹೇಳಿ' ಎಂದರು. ಅಷ್ಟರಲ್ಲಿ ಪಕ್ಕದ ಮನೆಯವರು ಹೇಳಿಯೂ ಆಗಿತ್ತು.

ಬಂದ ಪೊಲೀಸರಿಬ್ಬರೂ ಒಳ್ಳೆಯವರೇ. ಒಬ್ಬರಂತೂ 'ಊಟ ಮಾಡಿದ್ಯೇನಪ್ಪಾ' ಎಂದೇ ಮಾತು ಶುರು ಮಾಡಿದರು. ಆದರೆ ಕಿಟಕಿಯಿಂದ ಅವನಿಗೆ ಕಂಡಿದ್ದು ಖಾಕಿ ಮತ್ತು ಲಾಠಿ. ಕೇಳಿಸಿದ್ದು ವಾಕಿಟಾಕಿ ಸದ್ದು. ಯಾವುದಕ್ಕೆ ಮೂರು ದಿನದಿಂದ ಹೆದರಿದ್ದನೋ ಅದೇ ಬಾಗಿಲಿಗೆ ಬಂದು ನಿಂತಿತ್ತು. ಕೆಳಗೆ ಜನ ಸೇರಿದರು, ಮೊಬೈಲ್ ಎತ್ತಿ ಹಿಡಿದರು. 'ಅಕ್ಕಾ, ನಾನೇನು ಕದ್ದಿದ್ದೀನಿ?' ಎಂದು ಅವನು ಒಳಗಿಂದ ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬಾಗಿಲು ತೆಗೆಸಿದ್ದು ಹಿಂದಿನ ಬೀದಿಯ ಒಬ್ಬ ನರ್ಸಮ್ಮ. ಸುದ್ದಿ ಕೇಳಿ, ನೈಟಿ ಮೇಲೆ ಸ್ವೆಟರ್ ಹಾಕಿಕೊಂಡು ಓಡಿ ಬಂದಿದ್ದರು. 'ನೀವು ಕೆಳಗಿದ್ದು ಜನರನ್ನ ಕಳಿಸಿಬಿಡಿ' ಎಂದು ಪೊಲೀಸರನ್ನು ಕೇಳಿಕೊಂಡರು. ಅವರೂ ಹಾಗೇ ಮಾಡಿದರು. ನರ್ಸಮ್ಮ ಬಾಗಿಲ ಹೊರಗೆ ನೆಲದ ಮೇಲೆ ಕೂತರು. ತಮ್ಮ ಹೆಸರು ಹೇಳಿದರು. 'ನಿನಗೆ ಕೇಳಿಸ್ತಿರೋದು ನನಗೆ ಕೇಳಿಸ್ತಿಲ್ಲ. ಆದ್ರೆ ನಿನಗೆ ಎಷ್ಟು ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ' ಎಂದರು. ಆಮೇಲೆ ಜಾಸ್ತಿ ಮಾತಾಡಲೂ ಇಲ್ಲ, ಸುಮ್ನೆ ಕೂತಿದ್ದರು. ಮುಕ್ಕಾಲು ಗಂಟೆ ಆದಮೇಲೆ ಅವನೇ ಚಿಲಕ ತೆಗೆದು ನೀರು ಕೇಳಿದ. ಆಟೋದಲ್ಲಿ ಆಸ್ಪತ್ರೆಗೆ ಹೋದೆವು.

ಇಂಥ ಹೊತ್ತಿನಲ್ಲಿ ಮನೆಗೆ ಮೊದಲು ಬರಬೇಕಾದವರು ಇದನ್ನು ಕಲಿತ ಆರೋಗ್ಯ ಸಿಬ್ಬಂದಿ. ಪೊಲೀಸರು ಅವರ ಹಿಂದೆ ಇರಲಿ. ಇಷ್ಟು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ಕಾಯಿಲೆಯ ವಿಷಯವಾಗಿಯೇ ನೋಡುತ್ತದೆ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೊಲೀಸರು ಕಾಪಾಡಬೇಕು, ಆದರೆ ಲಾಕಪ್‌ನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು ಎನ್ನುತ್ತದೆ ಅದರ 100ನೇ ಸೆಕ್ಷನ್. ಮೆಜೆಸ್ಟಿಕ್‌ನಲ್ಲಿ ಮಲಗುವ, ನನ್ನವರು ಅಂತ ಯಾರೂ ಇಲ್ಲದವರಿಗೆ ಆ ಸೆಕ್ಷನ್ ಬೇಕೇ ಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಎನ್ನುತ್ತದೆ 115ನೇ ಸೆಕ್ಷನ್. ಆದರೆ ಮನೆ ಮುಂದೆ ಪೊಲೀಸ್ ಗಾಡಿ ನಿಂತರೆ ಬೀದಿಯವರು ಸೆಕ್ಷನ್ ನೋಡುವುದಿಲ್ಲ. ಆ ಭಯಕ್ಕೇ ಎಷ್ಟೋ ಮನೆಯವರು ಯಾರಿಗೂ ಫೋನ್ ಮಾಡದೆ ಒಳಗೇ ನುಂಗಿಕೊಳ್ಳುತ್ತಾರೆ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಓದುಗರು ಈ ನಂಬರನ್ನು ದಯವಿಟ್ಟು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಆದರೆ ನನ್ನ ತಮ್ಮ ಆ ರಾತ್ರಿ ಫೋನ್ ಮುಟ್ಟಲೂ ಹೆದರುತ್ತಿದ್ದ. ಅಂಥವನ ಹತ್ತಿರ ಮನುಷ್ಯರೇ ಬಂದು ಕೂರಬೇಕು.

ಅಮೆರಿಕದ ಯೂಜೀನ್ ಎಂಬ ಊರಿನಲ್ಲಿ 1989ರಿಂದ ಈ ಕೆಲಸ ನಡೆದಿತ್ತು. ಒಂದು ವ್ಯಾನು, ಅದರಲ್ಲಿ ವೈದ್ಯಕೀಯ ಸಿಬ್ಬಂದಿ ಒಬ್ಬರು, ಇಂಥವರ ಜೊತೆ ಮಾತಾಡಲು ಕಲಿತವರು ಒಬ್ಬರು. ಮೂವತ್ತಕ್ಕೂ ಹೆಚ್ಚು ವರ್ಷ ನಡೆದು, 2025ರಲ್ಲಿ ಹಣದ ತೊಂದರೆಯಿಂದ ಅಲ್ಲಿ ನಿಂತುಹೋಯಿತು. ಹಾಗಾಗಿ ನಮ್ಮಲ್ಲಿ ಮಾಡುವುದಾದರೆ ಬಜೆಟ್‌ನಲ್ಲೇ ಹಣ ಇಟ್ಟು ಮಾಡಬೇಕು.

ನಮಗೇನೂ ಇದು ಆಗದ ಕೆಲಸವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದೇ ನಿಮ್ಹಾನ್ಸ್ ಇಲ್ಲೇ ಹೊಸೂರು ರಸ್ತೆಯಲ್ಲಿದೆ. ಬೆಂಗಳೂರಿನ ಯಾವುದಾದರೂ ಒಂದು ಭಾಗದಲ್ಲಿ, ಮಾಮೂಲಿ ಬಟ್ಟೆಯ ಒಬ್ಬ ನರ್ಸ್, ಒಬ್ಬ ಸಮಾಜ ಕಾರ್ಯಕರ್ತರು ಇರುವ ಒಂದು ಗಾಡಿ ಸಾಕು, ಶುರು ಮಾಡಲು. 112ಕ್ಕೆ ಇಂಥ ಕರೆ ಬಂದರೆ ಆ ಗಾಡಿಗೆ ತಿಳಿಸಲಿ. ಕೈಯಲ್ಲಿ ಚಾಕು ಇದೆ, ಬೇರೆಯವರ ಜೀವಕ್ಕೆ ಅಪಾಯ ಇದೆ ಎಂದರೆ ಪೊಲೀಸರೂ ಜೊತೆಗೆ ಬರಲಿ. ಅದನ್ನು ಯಾರೂ ಬೇಡ ಎನ್ನುವುದಿಲ್ಲ.

ತಮ್ಮ ಈಗ ಮಾತ್ರೆ ತಪ್ಪಿಸುವುದಿಲ್ಲ, ಕೆಲಸಕ್ಕೂ ಹೋಗುತ್ತಾನೆ. ಆ ನರ್ಸಮ್ಮ ಮಾತ್ರ ಹೋದ ವರ್ಷ ಮನೆ ಖಾಲಿ ಮಾಡಿ ಮಗಳ ಊರಿಗೆ ಹೋದರು. ಅವರು ಹೋದ ದಿನ ರಾತ್ರಿ ಅಮ್ಮ ನನ್ನನ್ನು ಕೇಳಿದ್ದು ಒಂದೇ: 'ಇನ್ನೊಂದು ಸಲ ಹಂಗಾದ್ರೆ ಯಾರನ್ನೇ ಕರೆಯೋದು?'

ಇಂತಿ,
ನಿಮ್ಮ ಓದುಗಳು
ಮತ್ತಿಕೆರೆ, ಬೆಂಗಳೂರು